‘ಸಾಧಿಸಿ’ ಎಂದಾಗ ಏನು ಬರೆಯಬೇಕು?

ಪ್ರಶ್ನೆ: (1 − ಕಾಸ್ ಎ)/ಸೈನ್ ಎ = ಸೈನ್ ಎ/(1 + ಕಾಸ್ ಎ) ಎಂದು ಸಾಧಿಸಲು ಕೇಳಿದ್ದರು. ಅಡ್ಡ ಗುಣಾಕಾರ ಮಾಡಿದೆ. ಎರಡೂ ಕಡೆ ಸೈನ್² ಎ ಬಂತು. ಆದರೂ ಅಂಕ ಕಳೆದರು. ಯಾಕೆ ಸರ್?
— ಹತ್ತನೇ ತರಗತಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಉತ್ತರ: ನಿನ್ನ ಗುಣಾಕಾರದಲ್ಲಿ ತಪ್ಪಿಲ್ಲಮ್ಮ. ಆದರೆ ಯಾವುದನ್ನು ಸಾಧಿಸಬೇಕಿತ್ತೋ ಅದನ್ನೇ ನಿಜವೆಂದುಕೊಂಡು ಮೊದಲ ಸಾಲು ಬರೆದೆ. ಹಾಗೆ ಹೊರಟರೆ ಸುಳ್ಳನ್ನೂ ಸಾಧಿಸಿಬಿಡಬಹುದು. 1 = −1 ಎಂದು ಬರೆದು ಎರಡೂ ಕಡೆ ವರ್ಗ ಮಾಡು, 1 = 1 ಸಿಗುತ್ತದೆ. ಕೊನೆಯ ಸಾಲು ನಿಜ, ಮೊದಲನೆಯದು ಸುಳ್ಳು.

ಒಂದೇ ಭಾಗವನ್ನು ಹಿಡಿ. ಎಡಭಾಗದ ಅಂಶ, ಛೇದ ಎರಡನ್ನೂ (1 + ಕಾಸ್ ಎ)ಯಿಂದ ಗುಣಿಸು. ಮೇಲೆ 1 − ಕಾಸ್² ಎ, ಅಂದರೆ ಸೈನ್² ಎ. ಕೆಳಗೆ ಸೈನ್ ಎ (1 + ಕಾಸ್ ಎ). ಮೇಲೊಂದು ಕೆಳಗೊಂದು ಸೈನ್ ಎ ಹೊಡೆದುಹಾಕಿದರೆ ಉಳಿಯುವುದೇ ಬಲಭಾಗ. ಸೈನ್ ಎ ಸೊನ್ನೆಯಾಗಿರಬಾರದು ಎಂಬ ಷರತ್ತನ್ನೂ ಬರೆ. ಅದನ್ನು ಹೇಳದೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

(1 + ಕಾಸ್ ಎ)ಯಿಂದಲೇ ಗುಣಿಸಬೇಕೆಂದು ಹೊಳೆಯುವುದು ಹೇಗೆ? ನಿನ್ನ ಅಡ್ಡ ಗುಣಾಕಾರವೇ ಅದನ್ನು ತೋರಿಸಿಕೊಡುತ್ತದೆ. ಅದನ್ನು ಕಚ್ಚಾ ಹಾಳೆಯಲ್ಲಿ ಮಾಡಿಕೋ. ಉತ್ತರ ಪತ್ರಿಕೆಯಲ್ಲಿ ಕೊನೆಯಿಂದ ಮೊದಲಿಗೆ ಬರೆದುಕೊಂಡು ಬಾ. ಆಗ ನೀನು ಹೊರಡುವುದು ಸೈನ್² ಎ + ಕಾಸ್² ಎ = 1 ಎಂಬ, ಆಗಲೇ ಸಾಧಿಸಿಟ್ಟ ಮಾತಿನಿಂದ. ಲಂಬಕೋನ ತ್ರಿಭುಜದ ಪೈಥಾಗರಸ್ ಪ್ರಮೇಯವನ್ನು ವಿಕರ್ಣದ ವರ್ಗದಿಂದ ಭಾಗಿಸಿದರೆ ಇದು ಬರುತ್ತದೆ. ಪಾರ್ಶ್ವಬಾಹುವಿನ ವರ್ಗದಿಂದ ಭಾಗಿಸಿದರೆ 1 + ಟ್ಯಾನ್² ಎ = ಸೆಕ್² ಎ. ಬಾಯಿಪಾಠಕ್ಕೆ ಮುಂಚೆ ಈ ಎರಡನ್ನೂ ನೀನೇ ಭಾಗಿಸಿ ನೋಡು.

ಪ್ರಶ್ನೆ: ನನ್ನ ಮಗನೂ ದಿನಾ ಇಂಥ ಸೈನ್, ಕಾಸ್ ಲೆಕ್ಕಗಳನ್ನೇ ಬರೆಯುತ್ತಾನೆ. ಇದರಿಂದ ಏನು ಉಪಯೋಗ?
— ಒಬ್ಬ ತಂದೆ, ಬೂವನಹಳ್ಳಿ

ಉತ್ತರ: ನಿಮ್ಮೂರಿನ ವಿಮಾನ ನಿಲ್ದಾಣದ ಯೋಜನೆಯನ್ನೇ ತೆಗೆದುಕೊಳ್ಳಿ. ವಿಮಾನ ರನ್‌ವೇಗೆ ಇಳಿಯುವ ಹಾದಿ ಸಾಮಾನ್ಯವಾಗಿ ನೆಲಕ್ಕೆ 3 ಡಿಗ್ರಿ ಓರೆ. ಟ್ಯಾನ್ 3° ಸುಮಾರು 0.0524. ಹಾಗಾಗಿ ಇಳಿಯುವ ಜಾಗ 10 ಕಿ.ಮೀ. ದೂರ ಇರುವಾಗ ವಿಮಾನ ಸುಮಾರು 524 ಮೀಟರ್ ಎತ್ತರದಲ್ಲಿರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಅಪಾಯ, ತೀರಾ ಮೇಲಿದ್ದರೆ ರನ್‌ವೇ ಸಾಲುವುದಿಲ್ಲ.

ಮೇಲೆ ಹೇಳಿದ 1 + ಟ್ಯಾನ್² ಎ = ಸೆಕ್² ಎ ಎಂಬ ನಿತ್ಯಸಮೀಕರಣದ ಕೆಲಸ ಇಲ್ಲಿದೆ. ಟ್ಯಾನ್ ಗೊತ್ತಿದ್ದರೆ ಸೆಕ್‌ಗೆ ಬೇರೆ ಕೋಷ್ಟಕ ಬೇಡ: 0.0524ರ ವರ್ಗಕ್ಕೆ 1 ಕೂಡಿ ವರ್ಗಮೂಲ ತೆಗೆದರೆ ಸುಮಾರು 1.00137. ಓರೆ ಹಾದಿ ನೆಲದ ದೂರದ ಇಷ್ಟು ಪಟ್ಟು. ಅಂದರೆ ನೆಲದ ಮೇಲೆ 10 ಕಿ.ಮೀ. ಇರುವ ದೂರ ಓರೆ ಹಾದಿಯಲ್ಲಿ ಸುಮಾರು 14 ಮೀಟರ್ ಮಾತ್ರ ಹೆಚ್ಚು. ಹಾದಿ 6 ಡಿಗ್ರಿ ಓರೆಯಾದರೆ ಎಷ್ಟು ಹೆಚ್ಚಾಗುತ್ತದೆ ಎಂದು ಮಗನನ್ನೇ ಕೇಳಿ. ಟ್ಯಾನ್ 6° ಸುಮಾರು 0.1051.