ಕರುಳಲ್ಲಿ ಅಡಗಿ ವಾರ್ಡು ಸುತ್ತುವ ಬ್ಯಾಕ್ಟೀರಿಯಾ

ನರ್ಸಿಂಗ್ ಓದಲು ಬಂದ ಹೊಸಬರಿಗೆ ಸೋಂಕು ತಡೆಯ ಪಾಠವನ್ನು ನಾನು ಕರುಳಿನಿಂದಲೇ ಶುರುಮಾಡುತ್ತೇನೆ. ನಮ್ಮಲ್ಲಿ ಬಹುತೇಕ ಎಲ್ಲರ ದೊಡ್ಡ ಕರುಳಿನಲ್ಲೂ ಇ. ಕೋಲೈ ಇರುತ್ತದೆ, ಹಲವರಲ್ಲಿ ಕ್ಲೆಬ್ಸಿಯೆಲ್ಲಾ ಕೂಡ. ಅಲ್ಲಿರುವಷ್ಟು ದಿನ ತೊಂದರೆಯಿಲ್ಲ. ಮೂತ್ರದ ಕ್ಯಾತಿಟರ್, ವೆಂಟಿಲೇಟರ್ ನಳಿಕೆ, ಆಪರೇಷನ್ ಗಾಯ ಇವುಗಳ ಮೂಲಕ ಮೂತ್ರಕೋಶಕ್ಕೋ ಶ್ವಾಸಕೋಶಕ್ಕೋ ರಕ್ತಕ್ಕೋ ಸೇರಿಕೊಂಡರೆ ಜೀವಕ್ಕೇ ಕುತ್ತು.

ಬೇರೆ ಆಂಟಿಬಯಾಟಿಕ್‌ಗಳು ಕೈಕೊಟ್ಟಾಗ ವೈದ್ಯರು ಮೊರೆಹೋಗುವುದು ಮೆರೋಪೆನೆಮ್‌ನಂಥ ಕಾರ್ಬಪೆನೆಮ್‌ಗಳಿಗೆ. ಅವಕ್ಕೂ ಬಗ್ಗದ ತಳಿಗಳನ್ನು ಸಿಆರ್‌ಇ ಎನ್ನುತ್ತಾರೆ. ಎನ್‌ಡಿಎಂ, ಕೆಪಿಸಿ ಮುಂತಾದ ಕಿಣ್ವಗಳಿಂದ ಇವುಗಳಲ್ಲಿ ಹಲವು ಔಷಧವನ್ನೇ ಒಡೆದುಹಾಕುತ್ತವೆ. ಆ ಕಿಣ್ವದ ಜೀನ್ ಸಾಮಾನ್ಯವಾಗಿ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಪರೀಕ್ಷೆಯಲ್ಲಿ ಚೀಟಿ ದಾಟಿಸಿದ ಹಾಗೆ ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ್ದಕ್ಕೆ, ಬೇರೆ ಜಾತಿಯದಕ್ಕೂ, ದಾಟಿಸಿಬಿಡುತ್ತದೆ.

ಇಂಥ ತಳಿ ಕರುಳಿನಲ್ಲಿದ್ದೂ ಜ್ವರವಿಲ್ಲ, ನೋವಿಲ್ಲ, ಭೇದಿಯಿಲ್ಲ ಎನ್ನುವ ರೋಗಿಗಳು ಎಷ್ಟೋ ಮಂದಿ. ತಿಂಗಳುಗಟ್ಟಲೆ ಅವರು ವಾಹಕರಾಗಿಯೇ ಇರಬಹುದು. ಕಾಯಿಲೆಯಾದವರನ್ನು ಮಾತ್ರ ನೋಡುತ್ತಾ ಕೂತರೆ ಇವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕದ ಬೆಥೆಸ್ಡಾದಲ್ಲಿರುವ ಎನ್‌ಐಎಚ್ ಕ್ಲಿನಿಕಲ್ ಸೆಂಟರ್‌ನಲ್ಲಿ 2011ರಲ್ಲಿ ಆದದ್ದು ಇದೇ. ಜೂನ್‌ನಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಿಂದ ಬಂದ ಮಹಿಳೆಯಲ್ಲಿ ಕೆಪಿಸಿ ಇರುವ ಕ್ಲೆಬ್ಸಿಯೆಲ್ಲಾ ಇರುವುದು ಮೊದಲೇ ಗೊತ್ತಿತ್ತು. ಪ್ರತ್ಯೇಕ ಕೋಣೆ, ಗೌನು, ಗ್ಲೌಸು ಎಲ್ಲವೂ ಆಯಿತು. ಜುಲೈ 15ಕ್ಕೆ ಅವರು ಮನೆಗೆ ಹೋದರು. ಮೂರು ವಾರ ಕಳೆದ ಮೇಲೆ ಇನ್ನೊಬ್ಬ ರೋಗಿಯಲ್ಲಿ ಅದು ಕಾಣಿಸಿಕೊಂಡಿತು, ಆಮೇಲೆ ಒಬ್ಬರಾದ ಮೇಲೊಬ್ಬರಲ್ಲಿ. ಒಟ್ಟು 18 ಮಂದಿಗೆ ತಗುಲಿತು. 11 ಮಂದಿ ತೀರಿಕೊಂಡರು, ಆ ಪೈಕಿ 6 ಸಾವಿಗೆ ಈ ಸೋಂಕೇ ಕಾರಣ. ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದಿ ನೋಡಿದಾಗ ಎಲ್ಲದರ ಬೇರೂ ಮೊದಲ ರೋಗಿಯಲ್ಲೇ ಇತ್ತು. ಪತ್ತೆಯಾದ ಕ್ರಮ ಒಂದು, ಹರಡಿದ ಕ್ರಮ ಇನ್ನೊಂದು; ನಡುವೆ ಲಕ್ಷಣವೇ ಇಲ್ಲದ ವಾಹಕರು ಕೊಂಡಿಯಾಗಿದ್ದರು. ಸಿಂಕಿನ ಕೊಳವೆಗಳಲ್ಲೂ, ಶುಚಿಮಾಡಿಟ್ಟಿದ್ದ ಒಂದು ವೆಂಟಿಲೇಟರ್‌ನಲ್ಲೂ ಅದು ಸಿಕ್ಕಿತು. ಕೊನೆಗೆ ಗೋಡೆ ಕಟ್ಟಿ, ಈ ರೋಗಿಗಳಿಗೇ ಬೇರೆ ಸಿಬ್ಬಂದಿಯನ್ನು ನೇಮಿಸಬೇಕಾಯಿತು.

ಅಷ್ಟು ಅನುಕೂಲವಿದ್ದ ಆಸ್ಪತ್ರೆಯಲ್ಲೇ ಹೀಗಾದರೆ, ಮಂಚಗಳ ನಡುವೆ ಒಬ್ಬರು ನಿಲ್ಲಲೂ ಜಾಗವಿಲ್ಲದ ನಮ್ಮ ವಾರ್ಡುಗಳ ಬಗ್ಗೆ ಯೋಚಿಸಿ.

ಯೂರಿನ್ ಬ್ಯಾಗ್ ಖಾಲಿ ಮಾಡುವ ಕೆಲಸವನ್ನು ಗಮನಿಸಿ ನೋಡಿ. ಒಂದೇ ಅಳತೆ ಜಗ್ ಹಿಡಿದು, ಒಂದೇ ಜೊತೆ ಗ್ಲೌಸಿನಲ್ಲಿ ಮಂಚದಿಂದ ಮಂಚಕ್ಕೆ ಹೋಗುತ್ತಾರೆ. ಬ್ಯಾಗಿನ ಮೂತಿ ಜಗ್ಗಿನ ಅಂಚಿಗೆ ತಾಗುತ್ತದೆ. ಅದೇ ಅಂಚು ಮುಂದಿನ ರೋಗಿಯ ಬ್ಯಾಗಿಗೂ ತಾಗುತ್ತದೆ. ಗ್ಲೌಸು ನಮ್ಮ ಕೈಯನ್ನು ಕಾಯಿತು, ಪಕ್ಕದ ರೋಗಿಯನ್ನು ಕಾಯಲಿಲ್ಲ. ಪ್ರತಿ ರೋಗಿಗೂ ಬೇರೆ ಜಗ್ ಇರಲಿ, ಮೂತಿ ಅಂಚಿಗೆ ತಾಗದಿರಲಿ. ಗ್ಲೌಸು ತೆಗೆದು ಹ್ಯಾಂಡ್‌ರಬ್ ಹಚ್ಚಿ 20ರಿಂದ 30 ಸೆಕೆಂಡು ಉಜ್ಜಿ, ಆಮೇಲಷ್ಟೇ ಮುಂದಿನ ಮಂಚಕ್ಕೆ ಹೋಗಿ. ಕೈಗೆ ಮಲಮೂತ್ರ ತಾಗಿದ್ದು ಕಂಡರೆ ಸೋಪು, ನೀರೇ ಬೇಕು. ಬೆಡ್‌ಪ್ಯಾನಿಗೂ ಇದೇ ಕ್ರಮ.

ಇನ್ನು ಕೈತೊಳೆಯುವ ಸಿಂಕ್. ಉಳಿದ ಡ್ರಿಪ್ ದ್ರವ, ಹಾಲು, ಟೀ ಅದಕ್ಕೆ ಸುರಿದರೆ ಕೊಳವೆಯೊಳಗಿನ ಲೋಳೆಪದರದಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ನಲ್ಲಿ ನೀರು ನೇರ ಜಾಲರಿಯ ಮೇಲೆ ಬಿದ್ದಾಗ ಹನಿಗಳು ಸುಮಾರು ಒಂದು ಮೀಟರ್ ದೂರಕ್ಕೂ ಸಿಡಿಯಬಹುದು. ಇಂಜೆಕ್ಷನ್ ಟ್ರೇಯನ್ನು ಸಿಂಕಿನ ಪಕ್ಕ ಇಡಬೇಡಿ ಎನ್ನುವುದು ಇದಕ್ಕೇ. ಇದನ್ನು ವಾರ್ಡು ಒರೆಸುವ ಅಕ್ಕಂದಿರಿಗೂ ಕೂರಿಸಿ ವಿವರಿಸಬೇಕು. ಅವರ ಕೆಲಸವೂ ಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ.

ಅಡಗಿರುವ ವಾಹಕರನ್ನು ಹುಡುಕುವ ದಾರಿ ರೆಕ್ಟಲ್ ಸ್ವಾಬ್ ಪರೀಕ್ಷೆ. ಬೇರೆ ಆಸ್ಪತ್ರೆಯ ಐಸಿಯುನಿಂದ ಬಂದವರಿಗೆ ಸೇರಿಸಿಕೊಳ್ಳುವಾಗಲೇ ಅದನ್ನು ಮಾಡಿಸುವುದು ಒಳ್ಳೆಯದು. ವಾಹಕರೆಂದು ಗೊತ್ತಾದ ಮಾತ್ರಕ್ಕೆ ಆಂಟಿಬಯಾಟಿಕ್ ಕೊಡುವುದಿಲ್ಲ. ರೋಗಿಗೂ ಮನೆಯವರಿಗೂ ಇದನ್ನು ಹೆದರಿಸದೆ ಬಿಡಿಸಿ ಹೇಳಿ: ಶೌಚದ ನಂತರ, ಅಡುಗೆಗೆ ಮುಂಚೆ ಸೋಪು ಹಾಕಿ ಕೈ ತೊಳೆದರೆ ಮನೆಯಲ್ಲಿ ಎಲ್ಲರ ಜೊತೆ ಎಂದಿನಂತೆ ಇರಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಸಿಆರ್‌ಇ ವಾಹಕ’ ಎಂದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ವೈದ್ಯರಿಗೆ ನೆನಪಿಸಿ. ಮುಂದೆ ಅವರು ಯಾವ ಆಸ್ಪತ್ರೆಗೆ ಹೋದರೂ ಅಲ್ಲಿನ ನರ್ಸ್‌ಗೆ ಮೊದಲ ದಿನವೇ ವಿಷಯ ತಿಳಿಯುವುದು ಆ ಒಂದು ಸಾಲಿನಿಂದ.