ಹೊಸ ಸರಕು, ಹಳೆಯ ಗಿರಾಕಿ

ಕಂಪ್ಯೂಟರು, ತಂತ್ರಾಂಶಗಳನ್ನು ತಯಾರಿಸುವ ಸಣ್ಣ ಸಂಸ್ಥೆಗಳು ಇಂದು ಅನೇಕ. ಹತ್ತು ಹನ್ನೆರಡು ಮಂದಿ ದುಡಿಯುವ ಇಂತಹ ಸಂಸ್ಥೆಗೆ ಎರಡು ಕರ್ತವ್ಯಗಳುಂಟು. ಒಂದು, ಹೊಸ ಸರಕನ್ನು ಸಿದ್ಧಪಡಿಸುವುದು; ಇನ್ನೊಂದು, ಈಗಾಗಲೇ ಕೊಂಡವರ ತೊಂದರೆಗಳನ್ನು ನಿವಾರಿಸುವುದು. ದೊಡ್ಡ ಸಂಸ್ಥೆಗಳಲ್ಲಿ ಇವಕ್ಕೆ ಬೇರೆ ಬೇರೆ ವಿಭಾಗಗಳಿರುತ್ತವೆ. ಸಣ್ಣದರಲ್ಲಿ ಎರಡನ್ನೂ ಅದೇ ಜನ ಮಾಡಬೇಕು. ಹೊಸದನ್ನೇ ನೆಚ್ಚಿದರೆ ಹಳೆಯ ಗಿರಾಕಿ ದೂರವಾಗುತ್ತಾನೆ. ದುರಸ್ತಿಯಲ್ಲೇ ಮುಳುಗಿದರೆ ನಾಳೆಯ ಅನ್ನಕ್ಕೆ ದಾರಿಯಿಲ್ಲ. ಇದಕ್ಕೆ ಎರಡು ನಿದರ್ಶನಗಳನ್ನು ನೋಡೋಣ.

ಆಡಮ್ ಆಸ್ಬಾರ್ನ್ ಬಾಲ್ಯವನ್ನು ತಮಿಳುನಾಡಿನಲ್ಲಿ ಕಳೆದವರು. 1981ರಲ್ಲಿ ಅಮೆರಿಕದಲ್ಲಿ ಅವರ ಸಂಸ್ಥೆ ಎತ್ತಿಕೊಂಡು ಹೋಗಬಹುದಾದ 'ಆಸ್ಬಾರ್ನ್-1' ಕಂಪ್ಯೂಟರನ್ನು 1,795 ಡಾಲರಿಗೆ ಮಾರಾಟಕ್ಕಿಟ್ಟಿತು. ತೂಕ ಸುಮಾರು 11 ಕಿಲೋ, ಪರದೆ ಐದೇ ಅಂಗುಲ. ಆದರೂ ಭರದಿಂದ ಮಾರಾಟವಾಯಿತು. 1983ರಲ್ಲಿ ಮುಂದಿನ ಯಂತ್ರದ ಸುದ್ದಿ ಅದು ಅಂಗಡಿಗೆ ಬರುವ ಮೊದಲೇ ಹಬ್ಬಿತು. ಹೊಸದು ಬರುವಾಗ ಹಳೆಯದೇಕೆ ಎಂದು ವರ್ತಕರು ಬೇಡಿಕೆಗಳನ್ನು ರದ್ದುಪಡಿಸಿದರು. ಇತರರ ಪೈಪೋಟಿಯೂ ಇದಕ್ಕೆ ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು.

ಶಿಕಾಗೋ ನಗರದ 'ಥರ್ಟಿಸೆವೆನ್ ಸಿಗ್ನಲ್ಸ್' ಸಂಸ್ಥೆಯ ದಾರಿ ಬೇರೆ. ಅದು 2004ರಲ್ಲಿ 'ಬೇಸ್‌ಕ್ಯಾಂಪ್' ಎಂಬ ತಂತ್ರಾಂಶವನ್ನು ಹೊರತಂದಿತು. 2012ರಲ್ಲಿ ಅದನ್ನು ಹೊಸದಾಗಿ ರಚಿಸಿದಾಗ, ಹಳೆಯದನ್ನು ಬಳಸುತ್ತಿದ್ದವರನ್ನು ಬಲವಂತವಾಗಿ ಹೊಸದಕ್ಕೆ ಎಳೆಯಲಿಲ್ಲ. ಹಳೆಯದನ್ನೂ ನಡೆಸಿಕೊಂಡು ಬಂದಿತು. ತಂತ್ರಾಂಶ ಬರೆಯುವವರೂ ಸರದಿಯಂತೆ ಗಿರಾಕಿಗಳಿಗೆ ಉತ್ತರಿಸುವ ಪದ್ಧತಿಯನ್ನು ಅಲ್ಲಿ ತಂದರು.

ಇವುಗಳಿಂದ ನಾವು ಕಲಿಯಬೇಕಾದುದೇನು?

ಮೊದಲನೆಯದಾಗಿ, ಹೊಸ ಸರಕು ಕೈಗೆ ಬರುವ ಮುನ್ನ ಅದರ ಡಂಗುರ ಸಾರಬಾರದು.

ಎರಡನೆಯದಾಗಿ, ಕೆಲಸವನ್ನು ಸರದಿಯಲ್ಲಿ ಹಂಚಬೇಕು. ಈ ವಾರ ಇಬ್ಬರು ದೂರುಗಳನ್ನು ನೋಡಿಕೊಂಡರೆ ಉಳಿದವರು ಅಡಚಣೆಯಿಲ್ಲದೆ ಹೊಸ ಕೆಲಸ ಮಾಡಬಹುದು. ಮುಂದಿನ ವಾರ ಬೇರೆ ಇಬ್ಬರು.

ಮೂರನೆಯದಾಗಿ, ದೂರುಗಳನ್ನು ಬರೆದಿಡಬೇಕು. ಒಂದೇ ತೊಂದರೆ ಹತ್ತು ಕಡೆಯಿಂದ ಬಂದರೆ, ಹತ್ತು ಸಲ ಸಮಾಧಾನ ಹೇಳುವುದಕ್ಕಿಂತ ದೋಷದ ಬೇರನ್ನೇ ಕೀಳುವುದು ಲೇಸು. ಆಗ ದೂರು ಕಡಿಮೆಯಾಗಿ ಹೊಸದಕ್ಕೆ ಸಮಯ ಸಿಗುತ್ತದೆ. ಹೊಸದರಲ್ಲಿ ಏನಿರಬೇಕೆಂಬುದೂ ಆ ದೂರುಗಳಿಂದಲೇ ತಿಳಿಯುತ್ತದೆ.

ನಮ್ಮ ಶಾಲೆಯಲ್ಲಿ ಓದಿದ ಮಕ್ಕಳು ನಾಳೆ ಇಂತಹ ಸಂಸ್ಥೆಯನ್ನು ಸೇರಬಹುದು, ಸ್ವತಃ ಸ್ಥಾಪಿಸಲೂಬಹುದು. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತು ಎಂಬ ಗಾದೆ ಹೊಳೆಗೆ ಒಪ್ಪೀತು, ವ್ಯಾಪಾರಕ್ಕೆ ಒಪ್ಪದು. ನಿನ್ನೆ ನಂಬಿ ಹಣ ಕೊಟ್ಟವನನ್ನು ಇಂದು ಮಾತನಾಡಿಸದಿದ್ದರೆ, ನಾಳೆಯ ಸರಕನ್ನು ಕೊಳ್ಳುವವರು ಯಾರು?