ವಿಟಮಿನ್ ‘ಡಿ’ ಮಾತ್ರೆ ಮತ್ತು ಮುನಿಯುವ ಹೊಟ್ಟೆ

ಮಕ್ಕಳೇ, ಬಿಸಿಲಿನಿಂದ ನಮಗೆ ವಿಟಮಿನ್ ‘ಡಿ’ ಸಿಗುತ್ತದೆ ಎಂದು ನೀವು ಆಹಾರದ ಪಾಠದಲ್ಲಿ ಓದಿದ್ದೀರಿ. ಇದು ಕಡಿಮೆಯಾದರೆ ಮಕ್ಕಳ ಮೂಳೆಗಳು ಮೆತ್ತಗಾಗಿ, ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಬರುತ್ತದೆ ಎಂಬುದೂ ನಿಮಗೆ ಗೊತ್ತು. ಈಗ ಅನೇಕ ಮನೆಗಳಲ್ಲಿ ವಿಟಮಿನ್ ‘ಡಿ’ ಮಾತ್ರೆ ಅಥವಾ ಪುಡಿಯ ಪೊಟ್ಟಣ ಕಾಣಸಿಗುತ್ತದೆ. ಮಂಡಿನೋವೆಂದ ಅಜ್ಜಿಗೋ, ಸುಸ್ತೆಂದ ಅಮ್ಮನಿಗೋ ವೈದ್ಯರು ಬರೆದುಕೊಟ್ಟಿರುತ್ತಾರೆ. ಕೆಲವರು ‘ಇದು ನನ್ನ ಹೊಟ್ಟೆಗೆ ಒಗ್ಗುವುದಿಲ್ಲ’ ಎಂದು ಅರ್ಧಕ್ಕೇ ಬಿಡುತ್ತಾರೆ. ಇನ್ನು ಕೆಲವರು ಬೇಗ ಗುಣವಾಗಲಿ ಎಂದು ಎರಡೆರಡು ನುಂಗುತ್ತಾರೆ. ಎರಡೂ ಸರಿಯಲ್ಲ. ಏಕೆ? ನುಂಗಿದ ಮಾತ್ರೆ ದೇಹದೊಳಗೆ ಯಾವ ದಾರಿಯಲ್ಲಿ ಸಾಗುತ್ತದೆ ಎಂದು ತಿಳಿದರೆ ಉತ್ತರ ಸಿಗುತ್ತದೆ.

ಎರಡು ದಾರಿಗಳು

ನೂರು ವರ್ಷಗಳ ಹಿಂದೆ ಯುರೋಪಿನ ಹೊಗೆ ಕವಿದ ನಗರಗಳಲ್ಲಿ ಬಹಳ ಮಕ್ಕಳು ರಿಕೆಟ್ಸ್‌ನಿಂದ ನರಳುತ್ತಿದ್ದರು. 1919ರ ಹೊತ್ತಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿ ಅವರು ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆಯಿಂದ ಈ ರೋಗವನ್ನು ತಡೆಯಬಹುದೆಂದು ತೋರಿಸಿದರು. ಅದೇ 1919ರಲ್ಲಿ ಬರ್ಲಿನ್ ನಗರದ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಅವರು ಅತಿನೇರಳೆ ಕಿರಣಗಳ ದೀಪದ ಬೆಳಕಿನಿಂದಲೇ ರೋಗಿ ಮಕ್ಕಳನ್ನು ಗುಣಪಡಿಸಿದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಂ ಮತ್ತು ಸಂಗಡಿಗರು ಮೀನೆಣ್ಣೆಯಲ್ಲಿ ರಿಕೆಟ್ಸ್ ತಡೆಯುವ ವಸ್ತು ವಿಟಮಿನ್ ‘ಎ’ ಅಲ್ಲ, ಬೇರೆಯದೇ ಎಂದು ಕಂಡುಕೊಂಡರು. ‘ಎ’, ‘ಬಿ’, ‘ಸಿ’ ಹೆಸರುಗಳು ಆಗಲೇ ಬಳಕೆಯಲ್ಲಿದ್ದವು. ಹಾಗಾಗಿ ಇದಕ್ಕೆ ‘ಡಿ’ ಎಂಬ ಹೆಸರು ಬಂತು.

ಹೀಗೆ ವಿಟಮಿನ್ ‘ಡಿ’ ನಮ್ಮ ದೇಹಕ್ಕೆ ಬರಲು ಎರಡು ದಾರಿಗಳಿವೆ. ಒಂದು ಚರ್ಮದ ದಾರಿ, ಇನ್ನೊಂದು ಹೊಟ್ಟೆಯ ದಾರಿ. ಮಾತ್ರೆ ಸಾಗುವುದು ಎರಡನೆಯ ದಾರಿಯಲ್ಲಿ.

ಮಾಡಿ ನೋಡಿ – 1

ಒಂದು ಲೋಟದಲ್ಲಿ ಸ್ವಲ್ಪ ನೀರು, ಇನ್ನೊಂದರಲ್ಲಿ ಸ್ವಲ್ಪ ಅಡುಗೆ ಎಣ್ಣೆ ತೆಗೆದುಕೊಳ್ಳಿ. ಎರಡಕ್ಕೂ ಚಿಟಿಕೆ ಅರಿಸಿನ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ನೀರಿನಲ್ಲಿ ಪುಡಿ ಬಹುಪಾಲು ತಳಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಹಳದಿಯಾಗಿ ಉಳಿಯುತ್ತದೆ. ಅರಿಸಿನದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ವಿಟಮಿನ್ ‘ಡಿ’ಯ ಗುಣವೂ ಇದೇ. ‘ಎ’, ‘ಡಿ’, ‘ಇ’, ‘ಕೆ’ – ಈ ನಾಲ್ಕೂ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು. ‘ಬಿ’ ಗುಂಪು ಮತ್ತು ‘ಸಿ’ ನೀರಿನಲ್ಲಿ ಕರಗುತ್ತವೆ.

ಮಾಡಿ ನೋಡಿ – 2

ಒಂದು ಸಣ್ಣ ಬಾಟಲಿಯಲ್ಲಿ ಅರ್ಧದಷ್ಟು ನೀರು, ಒಂದು ಚಮಚ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ಮೇಲೆ ಬಂದು ಬೇರೆಯಾಗುತ್ತದೆ. ಈಗ ಸ್ವಲ್ಪ ಸಾಬೂನಿನ ನೀರು ಸೇರಿಸಿ ಮತ್ತೆ ಕುಲುಕಿ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ದ್ರವವೆಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. (ಪ್ರಯೋಗದ ನಂತರ ಕೈ ತೊಳೆದುಕೊಳ್ಳಿ. ಈ ದ್ರವವನ್ನು ರುಚಿ ನೋಡಬೇಡಿ.)

ನಮ್ಮ ಸಣ್ಣಕರುಳಿನಲ್ಲಿ ಸಾಬೂನಿನ ಈ ಕೆಲಸವನ್ನು ಮಾಡುವುದು ಪಿತ್ತರಸ. ಪಿತ್ತಜನಕಾಂಗ ಇದನ್ನು ತಯಾರಿಸುತ್ತದೆ, ಪಿತ್ತಕೋಶ ಕೂಡಿಡುತ್ತದೆ. ಊಟದಲ್ಲಿ ಕೊಬ್ಬು ಇದ್ದಾಗ ಪಿತ್ತಕೋಶ ಸಂಕುಚಿಸಿ ಪಿತ್ತರಸವನ್ನು ಕರುಳಿಗೆ ಸುರಿಸುತ್ತದೆ. ಆಗ ಕೊಬ್ಬು ಸಣ್ಣ ಹನಿಗಳಾಗಿ ಒಡೆಯುತ್ತದೆ, ಅದರೊಳಗೆ ವಿಟಮಿನ್ ‘ಡಿ’ ಸೇರಿಕೊಳ್ಳುತ್ತದೆ.

ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿದರೆ ಏನಾಗಬಹುದು ಎಂದು ಈಗ ನೀವೇ ಊಹಿಸಿ. 2010ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವೈದ್ಯರು ಇದನ್ನು ಪರೀಕ್ಷಿಸಿದರು. ಮಾತ್ರೆ ನುಂಗಿದರೂ ರಕ್ತದಲ್ಲಿ ವಿಟಮಿನ್ ‘ಡಿ’ ಸಾಕಷ್ಟು ಏರದ 17 ಮಂದಿಗೆ, ಅದೇ ಮಾತ್ರೆಯನ್ನು ದಿನದ ದೊಡ್ಡ ಊಟದ ಜೊತೆ ತೆಗೆದುಕೊಳ್ಳಲು ಹೇಳಿದರು. ಎರಡು ಮೂರು ತಿಂಗಳಲ್ಲಿ ಅವರ ರಕ್ತದಲ್ಲಿ ವಿಟಮಿನ್ ‘ಡಿ’ ಪ್ರಮಾಣ ಸರಾಸರಿ ಶೇ. 50ಕ್ಕಿಂತ ಹೆಚ್ಚು ಏರಿತು. ಇದು ಸಣ್ಣ ಅಧ್ಯಯನ. ಆದರೂ ‘ಊಟದ ಜೊತೆ ತೆಗೆದುಕೊಳ್ಳಿ’ ಎಂದು ವೈದ್ಯರು ಹೇಳುವುದು ಏಕೆಂದು ಇದರಿಂದ ತಿಳಿಯುತ್ತದೆ.

ಕರುಳಿನಿಂದ ಕರುಳಿಗೆ

ಸಣ್ಣಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಲಕ್ಷಾಂತರ ರಚನೆಗಳಿವೆ. ಇವೇ ವಿಲ್ಲೈಗಳು. ಕೊಬ್ಬಿನ ಹನಿಗಳಲ್ಲಿ ಕುಳಿತ ವಿಟಮಿನ್ ‘ಡಿ’ಯನ್ನು ಇವು ಹೀರಿಕೊಳ್ಳುತ್ತವೆ. ಅಲ್ಲಿಂದ ಅದು ರಕ್ತಕ್ಕೆ ಸೇರಿ, ಮೊದಲು ಪಿತ್ತಜನಕಾಂಗದಲ್ಲಿ, ಅನಂತರ ಮೂತ್ರಪಿಂಡಗಳಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ.

ಅದರ ಮುಖ್ಯ ಕೆಲಸ ಎಲ್ಲಿ ಗೊತ್ತೇ? ಮತ್ತೆ ಸಣ್ಣಕರುಳಿನಲ್ಲೇ! ‘ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ಹೀರಿಕೋ’ ಎಂದು ಅದು ಕರುಳಿಗೆ ಸೂಚನೆ ಕೊಡುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ವಿಟಮಿನ್ ‘ಡಿ’ ಸಾಕಷ್ಟಿಲ್ಲದಿದ್ದರೆ ನೀವು ತಿಂದ ಮುದ್ದೆಯ ಕ್ಯಾಲ್ಸಿಯಂ ಹೆಚ್ಚಿನ ಪಾಲು ಮೂಳೆಗೆ ತಲುಪುವುದಿಲ್ಲ.

ಹೊಟ್ಟೆ ಮುನಿದಾಗ

ಕೆಲವರ ಜೀರ್ಣಾಂಗ ಬಹಳ ಸೂಕ್ಷ್ಮ. ಅದಕ್ಕೆ ಕಾರಣಗಳು ಬೇರೆ ಬೇರೆ.

ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗುವುದಿಲ್ಲ. ಚಪಾತಿ, ರವೆ, ಮೈದಾ ತಿಂದಾಗ ಅವರ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಹೀರುವ ಬೆರಳುಗಳೇ ಇಲ್ಲದ ಮೇಲೆ ವಿಟಮಿನ್ ‘ಡಿ’ ಒಳಹೋಗುವುದು ಹೇಗೆ? ಇಂಥವರು ವೈದ್ಯರ ಸಲಹೆಯಂತೆ ಗೋಧಿ ಬಿಟ್ಟು ಅಕ್ಕಿ, ಜೋಳ, ರಾಗಿ ತಿಂದರೆ ವಿಲ್ಲೈಗಳು ನಿಧಾನವಾಗಿ ಮತ್ತೆ ಬೆಳೆಯುತ್ತವೆ. ಬಹುದಿನದ ಭೇದಿ, ಪಿತ್ತಜನಕಾಂಗದ ಕಾಯಿಲೆ ಇದ್ದವರಿಗೂ ಕೊಬ್ಬು ಸರಿಯಾಗಿ ಜೀರ್ಣವಾಗದೆ ವಿಟಮಿನ್ ‘ಡಿ’ ವ್ಯರ್ಥವಾಗಬಹುದು.

ಇನ್ನು ಕೆಲವರಿಗೆ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಉಬ್ಬರ ಅಥವಾ ಮಲಬದ್ಧತೆ ಆಗುತ್ತದೆ. ಆಗ ಮಾತ್ರೆಯ ಪಟ್ಟಿಯ ಮೇಲೆ ಬರೆದುದನ್ನು ಓದಬೇಕು. ಅನೇಕ ಮಾತ್ರೆಗಳಲ್ಲಿ ವಿಟಮಿನ್ ‘ಡಿ’ ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಇರುತ್ತದೆ. ತೊಂದರೆ ಕೊಡುತ್ತಿರುವುದು ಅದೇ ಇರಬಹುದು. ಹಾಲು ಒಗ್ಗದವರಿಗೆ ಇನ್ನೊಂದು ವಿಷಯ: ಕೆಲವು ಮಾತ್ರೆಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಸ್ವಲ್ಪ ಬೆರೆಸಿರುತ್ತಾರೆ.

ಹಾಗಾದರೆ ಪರಿಹಾರ? ವಿಟಮಿನ್ ‘ಡಿ’ ಮಾತ್ರೆಯಲ್ಲದೆ ಎಣ್ಣೆ ತುಂಬಿದ ಕ್ಯಾಪ್ಸೂಲ್, ಹನಿ, ಪುಡಿ, ಚುಚ್ಚುಮದ್ದುಗಳ ರೂಪದಲ್ಲೂ ದೊರೆಯುತ್ತದೆ. ಒಗ್ಗದಿದ್ದರೆ ಸುಮ್ಮನೆ ಬಿಡದೆ, ವೈದ್ಯರಿಗೆ ತಿಳಿಸಿದರೆ ಅವರು ರೂಪ ಅಥವಾ ಪ್ರಮಾಣವನ್ನು ಬದಲಿಸಿಕೊಡುತ್ತಾರೆ.

ಹೆಚ್ಚಾದರೆ ಏನಾಗುತ್ತದೆ?

‘ಡಿ’ ಕೊಬ್ಬಿನಲ್ಲಿ ಕರಗುವುದರಿಂದ ದೇಹದ ಕೊಬ್ಬಿನಲ್ಲೇ ಸಂಗ್ರಹವಾಗುತ್ತದೆ. ಹೆಚ್ಚಾದ ‘ಸಿ’ಯಂತೆ ಸುಲಭವಾಗಿ ಮೂತ್ರದಲ್ಲಿ ಹೊರಹೋಗುವುದಿಲ್ಲ. ಅದು ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ವಾಕರಿಕೆ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಕಾಣಿಸುತ್ತವೆ. ಮೂತ್ರಪಿಂಡಗಳೂ ಕೆಡಬಹುದು. ಗಮನಿಸಿದಿರಾ? ಇವುಗಳಲ್ಲಿ ಹೆಚ್ಚಿನವು ‘ಹೊಟ್ಟೆ ಕೆಟ್ಟಿದೆ’ ಎನ್ನುವಾಗ ಹೇಳುವ ಲಕ್ಷಣಗಳೇ! ಮೊದಲೇ ಸೂಕ್ಷ್ಮ ಹೊಟ್ಟೆಯವರು ಇದನ್ನು ಎಂದಿನ ತೊಂದರೆ ಎಂದು ತಿಳಿದು ಮಾತ್ರೆ ಮುಂದುವರಿಸಿದರೆ ಅಪಾಯ.

ಒಂದು ಲೆಕ್ಕ ಮಾಡೋಣ. ವಿಟಮಿನ್ ‘ಡಿ’ಯನ್ನು ಅಳೆಯುವ ಮಾನ ‘ಐಯು’. 40 ಐಯು ಅಂದರೆ 1 ಮೈಕ್ರೋಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ನಿಮ್ಮ ವಯಸ್ಸಿನವರಿಗೂ ದೊಡ್ಡವರಿಗೂ ದಿನಕ್ಕೆ 600 ಐಯು ಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 60,000 ಐಯು ಇರುತ್ತದೆ. 60,000 ÷ 600 = 100. ಅಂದರೆ ನೂರು ದಿನಗಳ ಅಗತ್ಯ ಒಂದೇ ಪೊಟ್ಟಣದಲ್ಲಿದೆ! ಕೊರತೆ ಇರುವವರಿಗೆ ವೈದ್ಯರು ಇದನ್ನು ಹೆಚ್ಚಾಗಿ ವಾರಕ್ಕೊಂದರಂತೆ, ಕೆಲವು ವಾರ ಮಾತ್ರ ಕೊಡುತ್ತಾರೆ. ಇದನ್ನೇ ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿ ಆಸ್ಪತ್ರೆ ಸೇರಿದವರೂ ಇದ್ದಾರೆ.

ಇಲ್ಲಿ ನಿಮ್ಮಿಂದ ಒಂದು ದೊಡ್ಡ ಉಪಕಾರವಾಗಬಹುದು. ಮನೆಯಲ್ಲಿ ಯಾರಿಗಾದರೂ ಓದಲು ಕಷ್ಟವಿದ್ದರೆ, ಪೊಟ್ಟಣದ ಮೇಲಿನ ಅಂಕಿಯನ್ನು ಓದಿ ಹೇಳಿ. ವೈದ್ಯರು ಹೇಳಿದ ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಡಿ. ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ. ನೀವಾಗಿಯೇ ಯಾರ ಮಾತ್ರೆಯನ್ನೂ ನುಂಗಬೇಡಿ, ಯಾರಿಗೂ ಕೊಡಬೇಡಿ.

ಕರುಳನ್ನು ಬಳಸದ ದಾರಿ

ಸೂರ್ಯನ ಅತಿನೇರಳೆ ಕಿರಣಗಳು ಚರ್ಮಕ್ಕೆ ಬಿದ್ದಾಗ ಅಲ್ಲೇ ವಿಟಮಿನ್ ‘ಡಿ’ ತಯಾರಾಗಿ ನೇರ ರಕ್ತಕ್ಕೆ ಸೇರುತ್ತದೆ. ಇದಕ್ಕೆ ಪಿತ್ತರಸವೂ ಬೇಡ, ವಿಲ್ಲೈಗಳೂ ಬೇಡ. ಹೆಚ್ಚಾದದ್ದನ್ನು ಚರ್ಮವೇ ಒಡೆದುಹಾಕುವುದರಿಂದ ಬಿಸಿಲಿನಿಂದ ‘ಡಿ’ ಮಿತಿಮೀರುವುದಿಲ್ಲ. ಮೊಟ್ಟೆಯ ಹಳದಿ ಭಾಗ, ಮೀನುಗಳಲ್ಲಿ ‘ಡಿ’ ಇದ್ದರೂ ನಮ್ಮ ಹೆಚ್ಚಿನ ಅಗತ್ಯವನ್ನು ಪೂರೈಸುವುದು ಬಿಸಿಲೇ.

ಎಳೆಬಿಸಿಲೇ ಒಳ್ಳೆಯದು ಎಂದು ಹಲವರು ಹೇಳುತ್ತಾರೆ. ಆದರೆ ಸೂರ್ಯ ಕೆಳಗಿರುವಾಗ ಬೇಕಾದ ಕಿರಣಗಳು ವಾತಾವರಣದಲ್ಲೇ ಬಹಳಷ್ಟು ಹೀರಲ್ಪಡುತ್ತವೆ. ಅಂಗಳದಲ್ಲಿ ನಿಂತು ನಿಮ್ಮ ನೆರಳನ್ನು ಅಳೆಯಿರಿ. ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಆ ಕಿರಣಗಳು ಸಾಕಷ್ಟು ಬರುತ್ತಿವೆ ಎಂದರ್ಥ. ಆ ಹೊತ್ತಿನಲ್ಲಿ ಸ್ವಲ್ಪ ಆಡಿದರೆ ಸಾಕು, ಚರ್ಮ ಸುಡುವಷ್ಟು ಹೊತ್ತು ನಿಲ್ಲಬಾರದು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಒಳಗೆ ಕುಳಿತರೆ ಪ್ರಯೋಜನವಿಲ್ಲ. ಸೂರ್ಯನನ್ನು ಎಂದೂ ನೇರವಾಗಿ ನೋಡಬೇಡಿ. ಹಾಗೆಯೇ, ಕೊರತೆ ಇದೆಯೆಂದು ವೈದ್ಯರು ಮಾತ್ರೆ ಕೊಟ್ಟಿದ್ದರೆ ಬಿಸಿಲನ್ನು ನಂಬಿ ಅದನ್ನು ನಿಲ್ಲಿಸಬಾರದು.

ನೆನಪಿಡಿ

• ವಿಟಮಿನ್ ‘ಡಿ’ ಕೊಬ್ಬಿನಲ್ಲಿ ಕರಗುತ್ತದೆ. ಊಟದ ಜೊತೆ ತೆಗೆದುಕೊಂಡರೆ ಹೆಚ್ಚು ಹೀರಲ್ಪಡುತ್ತದೆ.
• ಹೊಟ್ಟೆಗೆ ಒಗ್ಗದಿದ್ದರೆ ವೈದ್ಯರಿಗೆ ತಿಳಿಸಬೇಕು.
• ವಾರದ ಪೊಟ್ಟಣವನ್ನು ದಿನವೂ ತೆಗೆದುಕೊಳ್ಳಬಾರದು.

ಉತ್ತರಿಸಿ

1. ಪಿತ್ತರಸವನ್ನು ಸಾಬೂನಿಗೆ ಹೋಲಿಸಿದ್ದು ಏಕೆ?
2. ವಿಲ್ಲೈಗಳು ಸವೆದವರಿಗೆ ರಾಗಿ ತಿಂದರೂ ಕ್ಯಾಲ್ಸಿಯಂ ಸಾಲದೆ ಹೋಗಬಹುದು. ಎರಡು ಕಾರಣ ಯೋಚಿಸಿ.
3. ವಾರಕ್ಕೊಂದು ಎಂದು ಕೊಟ್ಟ 60,000 ಐಯು ಇರುವ 4 ಪೊಟ್ಟಣಗಳನ್ನು ಒಬ್ಬರು ನಾಲ್ಕೇ ದಿನದಲ್ಲಿ ಮುಗಿಸಿದರು. ಅವರ ಹೊಟ್ಟೆ ಸೇರಿದ್ದು ಒಟ್ಟು ಎಷ್ಟು ಐಯು? ಅದು ಎಷ್ಟು ದಿನಗಳ ಅಗತ್ಯಕ್ಕೆ ಸಮ?
4. ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಶಾಲೆಯ ಅಂಗಳದಲ್ಲಿ ಒಂದು ಕೋಲಿನ ನೆರಳನ್ನು ಅಳೆದು ಪಟ್ಟಿ ಮಾಡಿ. ನೆರಳು ಕೋಲಿಗಿಂತ ಚಿಕ್ಕದಾಗಿರುವುದು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ?